ಕಾಡೂರಿನ ಕ್ಷೀಣ ದನಿಗೂ ಜಾಗ

ದಾಂಡೇಲಿ, ಜೋಯಿಡಾ ಸೀಮೆಯಲ್ಲಿ ಮನೆಗಳು ಗುಡ್ಡದ ಆಚೆ ಈಚೆ ಚದುರಿವೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ಇಂಥ ಕಡೆ ಕಂಬ ನೆಟ್ಟು ಟೆಲಿಫೋನು ಒಯ್ಯುವುದು ದುಬಾರಿ ಕೆಲಸ.

1986ರ ಜುಲೈನಲ್ಲಿ, ಹಳಿಯಾಳದಿಂದ ಬಹಳ ದೂರವೇನಲ್ಲದ ಕಿತ್ತೂರಿನಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಆರಂಭಿಸಿತು. ಎಸಿ ಇಲ್ಲದೆಯೂ ನಡೆಯುವ ಸ್ವದೇಶಿ ಯಂತ್ರ ಅದು. ದೊಡ್ಡ ಊರುಗಳಿಗೆ ಎಕ್ಸ್‌ಚೇಂಜ್ ಬಂತು, ಆದರೆ ಅಲ್ಲಿಂದ ಇಂಥ ಒಳಗಿನ ಹಳ್ಳಿಗೆ ಸುಲಭದ ದಾರಿಯೆಂದರೆ ರೇಡಿಯೋ. ಅಲೆ ಒಂದೇ, ಮಾತಾಡುವವರು ಹಲವರು. ಬೇರ್ಪಡಿಸುವುದು ಹೇಗೆ?

ಮೊದಲ ಉತ್ತರ ಸರದಿ. ಹಳ್ಳಿ ಫೋನುಗಳಿಗೆ ದೂರಸಂಪರ್ಕ ಇಲಾಖೆ ಹಾಕಿದ ಎಂಎಆರ್‌ಆರ್ ವ್ಯವಸ್ಥೆಯ ಒಂದು ಬಗೆಯಲ್ಲಿ ಹದಿನೈದು ಹಳ್ಳಿಗಳಿಗೆ ಎರಡೇ ಚಾನೆಲ್. ಇಬ್ಬರು ಮಾತಿಗಿಳಿದರೆ ಉಳಿದ ಊರುಗಳೆಲ್ಲ ಕಾಯಬೇಕಿತ್ತು.

ಮುಂದೆ ಬಿಎಸ್‌ಎನ್‌ಎಲ್‌ನ ತಂತಿಯಿಲ್ಲದ ಡಬ್ಲ್ಯುಎಲ್‌ಎಲ್ ಫೋನು ಬಂತು. ನೋಡಲು ಮೇಜಿನ ಮೇಲಿನ ಹಳೇ ಫೋನೇ, ಬೆನ್ನಿಗೊಂದು ಆಂಟೆನಾ. ಒಳಗೆ ಸಿಡಿಎಂಎ. ಎಲ್ಲರೂ ಒಂದೇ ಹೊತ್ತಿಗೆ, ಒಂದೇ 1.25 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡುತ್ತಿದ್ದರು. ಪ್ರತಿ ಕರೆಯ ಮೇಲೂ ಅದರದೇ ಸಂಕೇತದ ಮುದ್ರೆ, ಸೆಕೆಂಡಿಗೆ 12,28,800 ತುಣುಕುಗಳಂತೆ. ಟವರ್ ಅದೇ ಸಂಕೇತ ಹಿಡಿದು ಹುಡುಕಿದಾಗ ಆ ಮಾತು ಮೇಲೇಳುತ್ತಿತ್ತು, ಮಿಕ್ಕಿದ್ದೆಲ್ಲ ಗದ್ದಲವಾಗಿ ಹಿಂದುಳಿಯುತ್ತಿತ್ತು.

ತೊಡಕಿದ್ದದ್ದು ದೂರದಲ್ಲಿ. ಮುಂಡಗೋಡ ಪೇಟೆಯ ಟವರೊಂದನ್ನು ಊಹಿಸಿಕೊಳ್ಳಿ: ಒಬ್ಬರು ಅದರ ಹತ್ತಿರದಲ್ಲೇ ಇದ್ದಾರೆ, ಇನ್ನೊಬ್ಬರು ಹತ್ತು ಪಟ್ಟು ದೂರದ ಕಾಡಂಚಿನಲ್ಲಿ. ನೆಲದ ಮೇಲೆ ಹಾಯುವಾಗ ಆ ದೂರದ ಅಲೆಯ ಕಸುವು ಹತ್ತು ಸಾವಿರ ಪಟ್ಟು ಕುಗ್ಗಬಹುದು. ಹತ್ತಿರದವರ ಅಬ್ಬರದಲ್ಲಿ ಕಾಡಂಚಿನವರ ಮಾತು ಮುಳುಗಿಯೇ ಹೋದೀತು. ಅದಕ್ಕೇ ಟವರ್ ಪ್ರತಿ ಫೋನಿಗೂ ಸೆಕೆಂಡಿಗೆ 800 ಬಾರಿ 'ದನಿ ತಗ್ಗಿಸು', 'ಏರಿಸು' ಎಂದು ಅಪ್ಪಣೆ ಕೊಡುತ್ತಿತ್ತು.

ಹೀಗೆ ದನಿ ತಗ್ಗಿಸಿ ಏರಿಸುವುದೊಂದೇ ದಾರಿಯಲ್ಲ ಎಂದು ಮೊದಲೇ ಹೇಳಿದ್ದವರು ಆಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಸೆರ್ಜಿಯೋ ವರ್ಡೂ. ಕಿತ್ತೂರಿನ ಎಕ್ಸ್‌ಚೇಂಜ್ ಶುರುವಾದ ವರ್ಷವೇ ಅವರ ಪ್ರಬಂಧ ಪ್ರಕಟವಾಯಿತು. ಬೇರೆಯವರ ಮಾತನ್ನು ಬರೀ ಗದ್ದಲವೆಂದು ತಳ್ಳದೆ ಎಲ್ಲರ ಮಾತನ್ನೂ ಒಟ್ಟಿಗೇ ಬಿಡಿಸಿದರೆ ಕ್ಷೀಣ ದನಿಯೂ ಉಳಿಯುತ್ತದೆಂದು ಅವರು ಗಣಿತದಲ್ಲೇ ತೋರಿಸಿದರು. ಲೆಕ್ಕ ಮಾತ್ರ ವಿಪರೀತ. ಬಳಕೆದಾರರು ಹೆಚ್ಚಿದಂತೆ ಅದು ಗುಣಿಸುತ್ತಾ ಬೆಳೆಯುತ್ತದೆ. ಕಡಿಮೆ ಲೆಕ್ಕದ ದಾರಿಗಳು ಬಳಿಕ ಬಂದವು.

ಈಗಿನ 4ಜಿ ಅಲೆಯ ಪಟ್ಟಿಯನ್ನೇ ಸಣ್ಣ ಸಣ್ಣ ಎಳೆಗಳಾಗಿ ಸೀಳಿ, ಮಿಲಿಸೆಕೆಂಡಿಗೊಮ್ಮೆ ಯಾರಿಗೆ ಯಾವ ಎಳೆ ಎಂದು ಹಂಚುತ್ತದೆ. ಆದರೆ ಹಂಚಲು ಮೊದಲು ಅಲೆ ತಲುಪಬೇಕಲ್ಲ! ಕೊರೊನಾ ಕಾಲದಲ್ಲಿ ಉತ್ತರ ಕನ್ನಡದ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಅರಸಿ ಗುಡ್ಡ ಹತ್ತಿದರು. ಅಲೆ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು.