ವಿಧವಿ ಹೆಸರಿನ ಬಾಟ್ಲಿ

ಬೆಂಗಳೂರಾಗ ನನ್ನ ತಂಗಿ ಮನಿಯೊಳಗ ಹಳದಿ ಚೀಟಿಯ ಒಂದು ಖಾಲಿ ಬಾಟ್ಲಿ ಐತಿ. ಅದರಾಗ ಮನಿಪ್ಲಾಂಟ್ ಹಚ್ಯಾಳ. ಚೀಟಿ ಮ್ಯಾಲೆ ಏನು ಬರದಾರ ಅಂತ ಆಕಿ ಮಗನ್ನ ಕೇಳಿದ್ರ, "ವೋವ್ ಕ್ಲಿಕೋ ಅಂತ, ದೊಡ್ಡವ್ವ. ಫ್ರೆಂಚ್‌ನ್ಯಾಗ ವೋವ್ ಅಂದ್ರ ವಿಧವಿ" ಅಂದ. ನಾ ಗಪ್ಪಾದೆ. ನಮ್ಮ ಕಡೆ ಲಗ್ನಪತ್ರಿಕೆಯೊಳಗ ಸುದ್ದಾ ಆ ಹೆಣಮಗಳ ಹೆಸರು ಬಿಟ್ಟುಬಿಡ್ತಾರ, ಇಲ್ಲಿ ಮಾರೋ ಮಾಲಿಗೆ ಅದ ಹೆಸರು! ನಮ್ಮ ಮನಿಯಾಗ ಯಾರೂ ಅದನ್ನ ಮುಟ್ಟೂದಿಲ್ಲ ಖರೆ, ಆದ್ರೂ ಆಕಿ ಕಥಿ ಓದದ ಇರಾಕ ಆಗಲಿಲ್ಲ.

ಆಕಿ ಹೆಸರು ಬಾರ್ಬ್ ನಿಕೋಲ್. 1777ರಾಗ ಫ್ರಾನ್ಸಿನ ರೀಮ್ಸ್ ಊರಾಗ ಹುಟ್ಟಿದಾಕಿ, ತವರುಮನಿಯವರದು ಬಟ್ಟಿ ವ್ಯಾಪಾರ. 1798ರಾಗ ಫ್ರಾನ್ಸ್ವಾ ಕ್ಲಿಕೋ ಅನ್ನಾವನ ಜೋಡಿ ಲಗ್ನ ಆತು. ಮಾವನದೂ ಬಟ್ಟಿ ವ್ಯಾಪಾರನ. 1772ರಾಗ ವೈನ್ ಮಾರೂದೂ ಶುರು ಮಾಡಿದ್ದ, ಆದ್ರ ಅದು ಬದಿಗಿನ ಕಸಬು. ಅದನ್ನ ಬೆಳಸಬೇಕಂತ ಗಂಡ ಹೆಂಡ್ತಿ ಇಬ್ಬರೂ ಹೊಂಟಿದ್ರು. ಅಷ್ಟರಾಗ, 1805ಕ್ಕ, ಗಂಡ ತೀರಿಕೊಂಡ. ಆಕಿಗೆ 27 ವರ್ಷ, ಆರು ವರ್ಷದ ಒಬ್ಬಾಕಿ ಮಗಳು.

ಮಾವ ವೈನಿನ ವ್ಯಾಪಾರ ಮುಚ್ಚಾಕ ನಿಂತ. ಈಕಿ ಬ್ಯಾಡ ಅಂದಳು, ನಾ ನಡಸ್ತೀನಿ ಅಂದಳು. ಆ ಕಾಲಕ್ಕ ಅಲ್ಲಿಯ ಕಾಯ್ದೆ ಹೆಂಗಿತ್ತಂದ್ರ, ಗಂಡನ ಒಪ್ಪಿಗಿ ಇಲ್ಲದ ಹೆಂಡ್ತಿ ವ್ಯಾಪಾರ ಮಾಡಂಗಿಲ್ಲ. ವಿಧವಿಗೆ ಮಾತ್ರ ಆ ತಡೆ ಇರಲಿಲ್ಲ! ಮಾವ ರೊಕ್ಕ ಹಾಕಿದ, ಆದ್ರ ಮೊದಲು ಒಬ್ಬ ತಿಳಿದ ವ್ಯಾಪಾರಸ್ತನ ಪಾಲುಗಾರಿಕೆಯೊಳಗ ಕೆಲಸ ಕಲಿ ಅಂದ.

ಇದನ್ನ ಓದುವಾಗ ನಮ್ಮ ಸೋದರತ್ತಿ ನೆನಪಾದಳು. ಗಂಡ ಹೋದ ಮ್ಯಾಲೆ ದ್ರಾಕ್ಷಿ ತ್ವಾಟ ತಾನ ನೋಡಿಕೊಂಡಳು, ಚಾಟಣಿ ಮಾಡೂದರಿಂದ ಹಿಡದು ಮಣೂಕ ಆರಿಸೂತನ. ಮಾಲು ಕೊಳ್ಳಾಕ ಬಂದವರು ಮಾತ್ರ ಎಂದೂ ಆಕಿ ಜೋಡಿ ರೇಟು ಮಾತಾಡಲಿಲ್ಲ, "ಮಗನ್ನ ಕರೀರಿ" ಅಂತಿದ್ರು. ಮಗನಿಗೆ ಆಗ ಹನ್ನೆರಡು ವರ್ಷ!

ನಾಕು ವರ್ಷ ಆದ್ರೂ ಬಾರ್ಬ್ ನಿಕೋಲಳ ವ್ಯಾಪಾರ ಕೈ ಹತ್ತಲಿಲ್ಲ, ಪಾಲುಗಾರ ಬಿಟ್ಟು ಹ್ವಾದ. 1810ರಾಗ ಆಕಿ ಗಂಡನ ಹೆಸರು, ತವರಿನ ಹೆಸರು ಎರಡೂ ಕೂಡಿಸಿ "ವೋವ್ ಕ್ಲಿಕೋ ಪೊನ್ಸಾರ್ದಾಂ" ಅಂತ ತನ್ನದ ಅಂಗಡಿ ಹಾಕಿದಳು. ಎಲ್ಲಾ ಕಡೆ ನೆಪೋಲಿಯನ್ನನ ಯುದ್ಧ, ಬಂದರಗಳು ಬಂದ್. 1811ರಾಗ ಆಕಾಶದಾಗ ಧೂಮಕೇತು ಕಾಣಿಸಿತು, ಆ ವರ್ಷ ದ್ರಾಕ್ಷಿನೂ ಭಾಳ ಚಲೋ ಬಂತು. ಆ ವೈನನ್ನ ನೆಲಮಾಳಿಗಿಯಾಗ ಇಟ್ಟು ಕಾದಳು.

ಇದು ಬುರುಗು ಬರೋ ವೈನ್. ಒಮ್ಮೆ ಹುಳಿ ಬಂದದ್ದನ್ನ ಬಾಟ್ಲಿಗೆ ತುಂಬಿ ಬೂಚು ಹಾಕಿದ ಮ್ಯಾಲೆ ಒಳಗ ಮತ್ತೊಮ್ಮೆ ಹುಳಿ ಬರಬೇಕು. ಗಾಳಿ ತುಂಬಿ ಎಷ್ಟೋ ಬಾಟ್ಲಿ ಹಂಗ ಒಡೀತಿದ್ವು.

1814ರಾಗ ನೆಪೋಲಿಯನ್ ಸೋತ. ಬ್ಯಾರೆ ವ್ಯಾಪಾರಸ್ತರು ಏಳೂದರಾಗ ಈಕಿ ಗುಟ್ಟಾಗಿ ಒಂದು ಹಡಗು ಗೊತ್ತು ಮಾಡಿ, ರೂವಾಂ ಊರಿಂದ 10,550 ಬಾಟ್ಲಿ ರಷ್ಯಾದ ದಿಕ್ಕಿಗೆ ಕೋನಿಗ್ಸ್‌ಬರ್ಗ್ ಬಂದರಕ್ಕ ಕಳಿಸಿಬಿಟ್ಟಳು. ಬ್ಯಾಸಗಿ ದಿನ, ಸಮುದ್ರದ ಹಾದಿ. ಕೆಟ್ಟಿದ್ರ ಮನಿ ಮುಳುಗತಿತ್ತು. ಆಕಿ ನಂಬಿಗಸ್ತ ಮಾರಾಟಗಾರ ಲೂಯಿ ಬೋನ್ ಅದರ ಜೋಡಿನ ಹೋದ. ಮಾಲು ಕೆಡದ ಮುಟ್ಟಿತು. ಮಂದಿ ಮುಗಿಬಿದ್ದು ಕೊಂಡ್ರು. ಅದರ ಬೆನ್ನಿಗೇ ಇನ್ನೊಂದು ಹಡಗು ಹೊಂಟಿತು.

ಬೇಡಿಕಿ ಏರಿದ ಮ್ಯಾಲೆ ಹೊಸಾ ತಲಿನೋವು. ಬಾಟ್ಲಿ ತಳದಾಗಿನ ಗಷ್ಟು ತಗಿಯೂದು ಹೆಂಗ? ಬ್ಯಾರೆ ಬಾಟ್ಲಿಗೆ ಸುರುವಿದ್ರ ಬುರುಗು ಹೋಗ್ತದ. ಅಡಗಿಮನಿ ಮೇಜಿಗೇ ತೂತು ಕೊರಿಸಿ ಬಾಟ್ಲಿ ತಲಿಕೆಳಗ ನಿಲ್ಲಿಸಿದಳಂತ, ಖರೆನೋ ಸುಳ್ಳೋ, ನನಗಂತೂ ಖರೆ ಅನಸ್ತದ. ದಿನಾ ಒಂದೀಟು ತಿರುವಿದ್ರ ಗಷ್ಟೆಲ್ಲಾ ಬೂಚಿನ ಕಡೆ ಬಂದು ಕೂಡತದ. ಬೂಚು ತಗದ ಕೂಡ್ಲೆ ಫಟ್ ಅಂತ ಹೊರಗ! ಕಮ್ಮಿ ಆದಷ್ಟು ವೈನ್ ತುಂಬಿ ಮತ್ತ ಬೂಚು. 1816ರ ಸುಮಾರಿನ ಈ ಉಪಾಯ ಆಮ್ಯಾಲೆ ಎಲ್ಲಾರೂ ಕಲಿತ್ರು.

ಮತ್ತೊಂದು ಲಗ್ನ ಆಗಲಿಲ್ಲ. 88 ವರ್ಷ ಬದುಕಿ 1866ರಾಗ ತೀರಿಕೊಂಡಳು.

ತಂಗಿಗೆ ಫೋನ್ ಮಾಡಿ ಹೇಳೀನಿ, ಮನಿಪ್ಲಾಂಟ್ ಕುಂಡಲಿಗೆ ಹಚ್ಚು, ಆ ಬಾಟ್ಲಿ ನನಗ ಬೇಕು ಅಂತ.