ಆಟೋಕ್ರೋಮ್ ಯುದ್ಧಚಿತ್ರಗಳು

ಮೊದಲನೆಯ ಮಹಾಯುದ್ಧದ (1914–18) ಕಾಲದಲ್ಲಿ ಗಾಜಿನ ಫಲಕಗಳ ಮೇಲೆ ತೆಗೆದ ವರ್ಣಛಾಯಾಚಿತ್ರಗಳು. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ಆಟೋಕ್ರೋಮ್ ಎಂಬ ಈ ವಿಧಾನವನ್ನು 1907ರಲ್ಲಿ ಮಾರುಕಟ್ಟೆಗೆ ತಂದರು. ಕಿತ್ತಳೆಗೆಂಪು, ಹಸಿರು, ನೀಲಿನೇರಳೆ ಬಣ್ಣ ಹಾಕಿದ ಆಲೂಗೆಡ್ಡೆ ಪಿಷ್ಟದ ಸೂಕ್ಷ್ಮ ಕಣಗಳು ಇದರಲ್ಲಿ ಬೆಳಕನ್ನು ಸೋಸುತ್ತಿದ್ದವು. 1917ರಲ್ಲಿ ಫ್ರೆಂಚ್ ಸೇನೆಯ ಛಾಯಾಚಿತ್ರ ವಿಭಾಗದ ಪಾಲ್ ಕ್ಯಾಸ್ಟೆಲ್ನೋ ಮತ್ತು ಫೆರ್ನಾಂಡ್ ಕ್ಯೂವಿಲ್ ರೀಮ್ಸ್ ನಗರದ ಅವಶೇಷಗಳನ್ನೂ ಸೈನಿಕರ ದಿನಚರಿಯನ್ನೂ ಹೀಗೆ ದಾಖಲಿಸಿದರು. ಪ್ಯಾರಿಸ್‌ನ ಬೀದಿಯಲ್ಲಿ ಯುದ್ಧದಾಟವಾಡುತ್ತಿದ್ದ ಮಕ್ಕಳನ್ನು ಲಿಯೋನ್ ಗಿಂಪೆಲ್ 1915ರಲ್ಲಿ ಚಿತ್ರಿಸಿದ.

ಫಲಕಕ್ಕೆ ಸೆಕೆಂಡುಗಟ್ಟಲೆ ಬೆಳಕು ಬೇಕಿದ್ದುದರಿಂದ ಇವುಗಳಲ್ಲಿ ಕದನದ ಚಲನೆಯಿಲ್ಲ. ವಿಶ್ರಾಂತಿ, ಸಮಾಧಿ, ಕುಸಿದ ಮನೆಗಳೇ ಹೆಚ್ಚು.

ಕಪ್ಪು-ಬಿಳುಪು ಚಿತ್ರಗಳಿಂದ ಆ ಯುದ್ಧ ನಮಗೆ ದೂರದ, ಬೂದುಬಣ್ಣದ ಲೋಕವಾಗಿ ಉಳಿದಿತ್ತು. ಫ್ರೆಂಚ್ ಸೈನಿಕರ ತಿಳಿನೀಲಿ ಸಮವಸ್ತ್ರ, ಇಟ್ಟಿಗೆಯ ಕೆಂಪು, ಹುಲ್ಲಿನ ಹಸಿರು ಕಂಡೊಡನೆ ಆ ದಿನಗಳ ಮೇಲೂ ನಮ್ಮದೇ ಬಿಸಿಲು ಬಿದ್ದಿತ್ತೆಂಬ ಅರಿವು ಮೂಡುತ್ತದೆ. ಸತ್ತವರು ನೆರೆಯವರಂತೆ ಹತ್ತಿರವಾಗುತ್ತಾರೆ.

ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಈಚೆಗೆ ಬಣ್ಣ ತುಂಬುವುದು ಬೇರೆಯೇ ಕೆಲಸ. ನಿರ್ದೇಶಕ ಪೀಟರ್ ಜಾಕ್ಸನ್ ಇದೇ ಯುದ್ಧದ ಬಗ್ಗೆ ಮಾಡಿದ 2018ರ ಸಾಕ್ಷ್ಯಚಿತ್ರ ಅದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿನ ಬಣ್ಣ ಸಂಶೋಧನೆಯಿಂದ ಕೂಡಿದ ಊಹೆ. ಆಟೋಕ್ರೋಮ್‌ನ ಬಣ್ಣ ಆ ಗಳಿಗೆಯ ಬೆಳಕೇ ಬಿಟ್ಟುಹೋದ ಸಾಕ್ಷ್ಯ.