ರಕ್ತನಾಳವಾದ ಬಟ್ಟೆ

ಬಟ್ಟೆ ಮಾನ ಕಾಯುವುದೆಂದು ನಾವೆಲ್ಲರೂ ಬಲ್ಲೆವು. ಅದು ಪ್ರಾಣವನ್ನೂ ಕಾಯಬಲ್ಲದೆಂಬುದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತಿಳಿದುಬಂದ ಸಂಗತಿ.

ರಕ್ತನಾಳಗಳನ್ನು ಹೊಲಿದು ಕೂಡಿಸುವ ಕ್ರಮವನ್ನು ರೂಪಿಸಿದ ಅಲೆಕ್ಸಿಸ್ ಕ್ಯಾರೆಲ್ಲರಿಗೆ 1912ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಕೆಟ್ಟ ಧಮನಿಯನ್ನು ತೆಗೆದ ಮೇಲೆ ಆ ಜಾಗಕ್ಕೆ ಬದಲಿ ನಾಳವನ್ನು ಎಲ್ಲಿಂದ ತರುವುದು? ಮೃತರಿಂದ ತೆಗೆದಿರಿಸಿದ ಧಮನಿಗಳು ಬೇಡಿಕೆಗೆ ಸಾಲುತ್ತಿರಲಿಲ್ಲ.

1947ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತರುಣ ಶಸ್ತ್ರವೈದ್ಯ ಆರ್ಥರ್ ವೂರ್ಹೀಸ್, ನಾಯಿಯ ಹೃದಯದೊಳಗೆ ಉಳಿದಿದ್ದ ರೇಷ್ಮೆ ಎಳೆಯೊಂದರ ಮೇಲೆ ನುಣುಪಾದ ಪೊರೆ ಬೆಳೆದಿದ್ದುದನ್ನು ಕಂಡರು. ಎಳೆಗೆ ಬಂದ ಪೊರೆ ಬಟ್ಟೆಗೇಕೆ ಬಾರದು? ರೇಷ್ಮೆಯ ಕರವಸ್ತ್ರದಿಂದ ಹೊಲಿದ ಮೊದಲ ಕೊಳವೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅನಂತರ ವಿನ್ಯಾನ್-ಎನ್ ಎಂಬ ಕೃತಕ ಬಟ್ಟೆ ಫಲ ನೀಡಿತು. 1952ರಲ್ಲಿ ಅವರು ತಮ್ಮ ಸಂಗಡಿಗರೊಡನೆ ಅದನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಹ್ಯೂಸ್ಟನ್ನಿನ ಮೈಕೇಲ್ ಡಿಬೇಕಿಯವರು ಡೇಕ್ರಾನ್ ಬಟ್ಟೆಯನ್ನು ಮನೆಯ ಹೊಲಿಗೆ ಯಂತ್ರದಲ್ಲೇ ಹೊಲಿದು ಕೊಳವೆ ಮಾಡಿದರು.

ರಭಸದಿಂದ ರಕ್ತ ಹರಿಯುವ ದೊಡ್ಡ ಧಮನಿಗಳಲ್ಲಿ ಈ ಕೊಳವೆಗಳು ಗೆದ್ದವು. 6 ಮಿಲಿಮೀಟರಿಗಿಂತ ಸಣ್ಣವಾದರೆ ಮಾತ್ರ ರಕ್ತ ಹೆಪ್ಪುಗಟ್ಟಿ ಬೇಗನೆ ಮುಚ್ಚಿಹೋಗುತ್ತಿದ್ದವು. ಬಟ್ಟೆ ಎಷ್ಟು ಗಟ್ಟಿಯಾಗಿದ್ದರೇನು? ರಕ್ತಕ್ಕೆ ತಾಕುವುದು ಅದರ ಮೇಲ್ಮೈ. ಅಲ್ಲಿಗೆ ಮೊದಲು ರಕ್ತದ ಪ್ರೋಟೀನುಗಳು ಅಂಟುತ್ತವೆ. ಅವುಗಳ ಬೆನ್ನಿಗೇ ಹೆಪ್ಪುಗಟ್ಟಿಸುವ ಕಣಗಳು ಬಂದು ಕೂಡುತ್ತವೆ.

ಈ ತೊಡಕಿಗೆ ಉಪಾಯ ಒದಗಿದ್ದು ಭೌತಶಾಸ್ತ್ರದಿಂದ. ವಿರಳವಾದ ಅನಿಲದಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಅದು ಹೊಳೆಯುತ್ತದೆ. ನಮ್ಮ ಮನೆಗಳ ಟ್ಯೂಬ್‌ಲೈಟಿನಲ್ಲಿ ಕಾಣುತ್ತಿದ್ದುದೂ ಇದೇ ಸ್ಥಿತಿ. ಇದಕ್ಕೆ 1928ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ 'ಪ್ಲಾಸ್ಮಾ' ಎಂದು ಹೆಸರಿಟ್ಟರು. ಕೊಳವೆಯನ್ನು ಇಂತಹ ಹೊಳಪಿನಲ್ಲಿಟ್ಟರೆ ಮಿಲಿಮೀಟರಿನ ಲಕ್ಷದ ಒಂದು ಪಾಲಿನಷ್ಟು ತೆಳುವಾದ ಹೊರಪದರ ಮಾತ್ರ ಬದಲಾಗುತ್ತದೆ. ಬಟ್ಟೆಯ ಬಲ ಹಾಗೆಯೇ ಉಳಿಯುತ್ತದೆ. 1980ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ವಿಜ್ಞಾನಿಗಳು ಫ್ಲೋರೀನುಳ್ಳ ಅನಿಲದಿಂದ ಹೀಗೆ ಸಂಸ್ಕರಿಸಿದ ಸಣ್ಣ ಡೇಕ್ರಾನ್ ಕೊಳವೆಗಳನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದಾಗ, ಮುಚ್ಚಿಕೊಳ್ಳದೆ ಉಳಿದವುಗಳ ಸಂಖ್ಯೆ ಹೆಚ್ಚಿತು. ಅಮೋನಿಯಾ ಬಳಸಿದರೆ ನಾಳದ ಒಳಪೊರೆಯ ಜೀವಕೋಶಗಳು ಹಿಡಿದು ನಿಲ್ಲಲು ಆಸರೆ ಸಿಗುತ್ತದೆಂದೂ ಕಂಡುಬಂದಿದೆ.

ಆದರೂ ಸಣ್ಣ ನಾಳಗಳಿಗೆ ಇಂದಿಗೂ ರೋಗಿಯ ಕಾಲಿನಿಂದ ತೆಗೆದ ಸಿರೆಯೇ ಮೊದಲ ಆಯ್ಕೆ. ಅದು ಒಂದು ಸಲ ಬಳಕೆಯಾಗಿ ಹೋಗಿದ್ದರೆ, ಇಲ್ಲವೆ ಕೆಟ್ಟಿದ್ದರೆ? ಮಧುಮೇಹದಿಂದ ಪಾದಕ್ಕೆ ರಕ್ತ ಸಾಲದೆ ನರಳುವ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಅಂಥವರ ಕಾಲು ಉಳಿಯುವುದೋ ಹೋಗುವುದೋ ಎಂಬುದು ಈ ತೆಳುವಾದ ಪದರವನ್ನು ರಕ್ತ ಒಪ್ಪುವುದನ್ನು ಅವಲಂಬಿಸಿರಬಹುದು. ಎಳೆಯೊಂದರಿಂದ ಮೊದಲಾದ ಆ ಕೆಲಸ ಇನ್ನೂ ಮುಗಿದಿಲ್ಲ.